ಲಲಿತಕ್ಕನ ಕಾರಿಗೆ ತಳ ಹುಡುಕಿದ್ದು

ಟಿಂಕರಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ, ನಾನು ಸಮಾಧಾನವಾಗಿ ಕೂತು ಬರೆಯುತ್ತಿಲ್ಲ. ಸುತ್ತಿಗೆ ಕೆಳಗಿಟ್ಟ ಮೇಲೆ ಸಿಟ್ಟೂ ಇಳಿಯುತ್ತದೆ ಎಂದುಕೊಂಡಿದ್ದೆ. ಭುಜದ ನೋವು ಇಳಿಯಿತು, ಸಿಟ್ಟು ಇಳಿಯಲಿಲ್ಲ.

ಸಕಲೇಶಪುರದಲ್ಲಿ ನಾನು ಮಾಡಿದ ಕೆಲಸ ಜಜ್ಜಿದ ಗಾಡಿಗಳನ್ನು ತಟ್ಟಿ ಸರಿಮಾಡುವುದು, ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದು ಬೆಸೆಯುವುದು. ಹೊರಗಿನವರಿಗೆ ಜಜ್ಜಿದ್ದೇ ದೊಡ್ಡದಾಗಿ ಕಾಣುತ್ತದೆ. ನಮಗೆ ದೊಡ್ಡದು ತುಕ್ಕು. ನಮ್ಮ ಕಡೆಯ ಗಾಡಿ ಕೆಳಗಿನಿಂದ ಹಳತಾಗುತ್ತದೆ. ಮಳೆಗಾಲ ಪೂರ್ತಿ ಎಸ್ಟೇಟ್ ರಸ್ತೆಯ ಕೆಸರು ತಳಕ್ಕೆ ಮೆತ್ತಿಕೊಂಡಿರುತ್ತದೆ, ಒಳಗೆ ಒದ್ದೆ ಕಾಲಿನ ನೀರು ಮ್ಯಾಟಿನ ಅಡಿ ಸೇರಿ ಆರುವುದೇ ಇಲ್ಲ. ಬಾಗಿಲು, ಬಾನೆಟ್ಟು ಕನ್ನಡಿಯಂತೆ ಹೊಳೆಯುವ ಕಾರಿನ ತಳದ ತೂತಿನಲ್ಲಿ ನಾನು ರಸ್ತೆಯ ನೆಲ ನೋಡಿದ್ದೇನೆ.

ನಾನು ಕೆಲಸ ಕಲಿತಾಗ ತುಕ್ಕು ಹಿಡಿದ ಜಾಗವನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸುತ್ತಿದ್ದೆವು. ಹೊಸ ತಗಡನ್ನು ರೈಲು ಕಂಬಿಯ ತುಂಡಿನ ಮೇಲಿಟ್ಟು ಬಡಿದು ಆಕಾರಕ್ಕೆ ತಂದು ಗ್ಯಾಸಿನಲ್ಲಿ ಬೆಸೆಯುತ್ತಿದ್ದೆವು. ಆಮೇಲೆ ಸಿ.ಓ.ಟು ವೆಲ್ಡಿಂಗ್ ಬಂತು. ಶಾಖ ಕಡಿಮೆ, ತಗಡು ಸೊಟ್ಟಗಾಗುವುದಿಲ್ಲ. ಅದನ್ನು ನಾನು ಖುಷಿಯಿಂದಲೇ ಕಲಿತೆ. ಹೊಸ ಯಂತ್ರದ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಮುನಿಸು ಇರುವುದು ಅದರ ಜೊತೆಗೇ ಬಂದ ಪುಟ್ಟಿ, ಫೈಬರ್, ಡಾಂಬರಿನ ಮೇಲೆ. ತುಕ್ಕಿನ ಮೇಲೆ ಬಳಿದರೆ ಸಂಜೆಯೊಳಗೆ ಗಾಡಿ ಹೊಸದು. ಒಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಿರುತ್ತದೆ.

ನಮ್ಮ ಗ್ಯಾರೇಜಿನ ಯಜಮಾನ ಸೋಮಣ್ಣ ಮೊದಲಿನಿಂದ ಕೆಟ್ಟವನಲ್ಲ. ತಗಡಿನ ಕೆಲಸ ನನಗಿಂತ ಚೆನ್ನಾಗಿ ಬಲ್ಲವನು. ಯಾರೋ ಮಾಡಿದ ಬೆಸುಗೆ ವಕ್ರವಾಗಿದ್ದರೆ ಮಾತಿಲ್ಲದೆ ಕಿತ್ತು ತಾನೇ ಕೂತು ಮತ್ತೆ ಹಾಕುತ್ತಿದ್ದ. ಅವನು ಕೆಟ್ಟದ್ದು ಹಳೆ ಗಾಡಿ ಮಾರಿಸುವ ಬ್ರೋಕರುಗಳು ಬರತೊಡಗಿದ ಮೇಲೆ. ತಾನು ಓಡಿಸುವ ಗಾಡಿಯನ್ನು ತಂದವನು ಎಷ್ಟು ಗಟ್ಟಿಯಾಯಿತು ಎಂದು ಕೇಳುತ್ತಾನೆ. ಮಾರುವ ಗಾಡಿಯನ್ನು ತಂದವನು ಎಷ್ಟು ಬೇಗ ಆಗುತ್ತದೆ ಎಂದು ಕೇಳುತ್ತಾನೆ. ಎರಡನೇ ತರದವರು ಹೆಚ್ಚಾದಂತೆ ನಮ್ಮ ಶೆಡ್ಡಿನಲ್ಲಿ ಡಾಂಬರಿನ ಡಬ್ಬ ಹೆಚ್ಚಾಯಿತು.

ಆ ಬೂದು ಬಣ್ಣದ ಕಾರು ಬಂದದ್ದು ಹೀಗೆ ಒಬ್ಬ ಬ್ರೋಕರಿನ ಕೈಯಲ್ಲಿ. ಕಂಪನಿ ಆ ಮಾದರಿ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದೆ. ಹಲಸಿನ ಹಣ್ಣಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಮುಂದಿನ ಎರಡೂ ಸೀಟಿನ ಅಡಿ ಇದೇ ಕಥೆ.

"ಫ್ಲೋರ್ ಪೂರ್ತಿ ಬದಲಾಯಿಸ್ಬೇಕು" ಎಂದೆ.

"ಅಷ್ಟೆಲ್ಲ ಬೇಡ ಮೇಸ್ತ್ರಿ, ಯಾರೋ ಹಳ್ಳಿಯವ್ರು ತಗೊಳ್ತಾರೆ. ಏನೋ ಒಂದು ಹಾಕಿ ಮುಚ್ಚಿ" ಎಂದ ಬ್ರೋಕರ್.

"ಸೀಟಿನ ಬೋಲ್ಟು ಹಿಡ್ಕಳಕ್ಕೆ ಅಲ್ಲಿ ತಗಡೇ ಇಲ್ವಲ್ಲ. ಮುಚ್ಚಿದ್ರೆ ಅದ್ರ ಮೇಲೆ ಕೂರೋನು ಮನುಷ್ಯ ಕಣ್ರೀ."

ಸೋಮಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ನಂಜಪ್ಪ, ಎಲ್ಲಾದ್ಕೂ ಹಿಂಗೆ ಅಡ್ಡ ನಿಂತ್ಕಬೇಡ ಮಾರಾಯ" ಎಂದ. ನಾನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಮರುದಿನ ಆಲೂರಿನಲ್ಲಿ ತಂಗಿಯ ಮನೆಯ ಗೃಹಪ್ರವೇಶ, ಹೊರಟುಹೋದೆ. ಹಿಂತಿರುಗಿ ಬಂದಾಗ ಕಾರು ಇರಲಿಲ್ಲ. ಕೇಳಿದ್ದಕ್ಕೆ ಸೋಮಣ್ಣ, "ಬೇರೆ ಕಡೆ ತಗೊಂಡೋದ" ಎಂದ. ಪೀಡೆ ಕಳೆಯಿತು ಎಂದುಕೊಂಡೆ.

ಲಲಿತಕ್ಕನನ್ನು ನಾನು ಮೊದಲು ನೋಡಿದ್ದು ಆ ವರ್ಷದ ಮಳೆಗಾಲ ಕಳೆದ ಮೇಲೆ. ಹೊಂಗಡಹಳ್ಳದ ಹತ್ತಿರ ಅವರಿಗೆ ಸ್ವಲ್ಪ ಕಾಫಿ, ಮೆಣಸು. ಗಂಡ ಪುಟ್ಟಸ್ವಾಮಿಗೆ ಎರಡೂ ಕಿಡ್ನಿ ಹೋಗಿ, ವಾರಕ್ಕೆರಡು ಸಲ ಸಕಲೇಶಪುರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಬರಬೇಕು. ಬಸ್ಸಿನ ಹೊತ್ತಿಗೂ ಆಸ್ಪತ್ರೆಯ ಹೊತ್ತಿಗೂ ತಾಳೆಯಾಗುವುದಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ಮನುಷ್ಯ ಹಿಂಡಿದ ಬಟ್ಟೆಯಂತಾಗಿರುತ್ತಾನೆ, ಬಸ್ಸಿನಲ್ಲಿ ನಿಂತು ಬರಲಾಗುವುದಿಲ್ಲ. ಅದಕ್ಕೇ ಆ ಹೆಂಗಸು ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸಿ, ಹಳೆಯ ಕಾರೊಂದನ್ನು ಕೊಂಡಿದ್ದರು. ಬೂದು ಬಣ್ಣದ ಕಾರು.

ಆ ದಿನ ಡಯಾಲಿಸಿಸ್ ಮುಗಿಸಿಕೊಂಡು ಮನೆಗೆ ಹೋಗುತ್ತಿದ್ದಾಗ, ವನಗೂರಿನ ಹತ್ತಿರದ ಇಳಿಜಾರಿನ ತಿರುವಿನಲ್ಲಿ ಎದುರಿಗೆ ಬಸ್ ಬಂತು. ಅವರು ಬ್ರೇಕ್ ಒತ್ತಿದರು. ಪಕ್ಕದಲ್ಲಿದ್ದ ಪುಟ್ಟಸ್ವಾಮಿ, ಯಾರಾದರೂ ಮಾಡುವಂತೆ, ಕಾಲು ಗಟ್ಟಿಯಾಗಿ ಊರಿದರು. ಕಾಲು ತಳದ ಮೂಲಕ ಹೊರಗೆ ಹೋಗಿಬಿಟ್ಟಿತು. ಸೀಟೂ ಒಂದು ಕಡೆ ಕಿತ್ತುಕೊಂಡು ಅವರ ಮೇಲೇ ವಾಲಿತು. ಗಾಡಿ ಮೆಲ್ಲಗಿತ್ತು, ಕಾಲು ಉಳಿಯಿತು. ಆದರೆ ಹರಿದ ತಗಡಿನ ಅಂಚು ಮೀನಖಂಡವನ್ನು ಸೀಳಿತ್ತು. ಡಯಾಲಿಸಿಸ್ ಮಾಡುವಾಗ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟಿರುತ್ತಾರೆ. ರಕ್ತ ನಿಲ್ಲಲೇ ಇಲ್ಲ. ಬಸ್ಸಿನಿಂದ ಇಳಿದ ಇಬ್ಬರು ಕಾಲನ್ನು ಬಿಡಿಸಿ ಟವಲ್ ಬಿಗಿದು ಕಟ್ಟಿದರು. ಲಲಿತಕ್ಕ ಗಂಡನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅದೇ ಕಾರನ್ನು ತಿರುಗಿಸಿ ಆಸ್ಪತ್ರೆಗೆ ವಾಪಸ್ ಓಡಿಸಿದರು. ಪುಟ್ಟಸ್ವಾಮಿ ಬದುಕಿದರು.

ಎರಡು ದಿನ ಬಿಟ್ಟು ಆ ಕಾರು ನಮ್ಮ ಗ್ಯಾರೇಜಿಗೆ ಬಂತು. ನೋಡಿದ ತಕ್ಷಣ ಗುರುತು ಸಿಕ್ಕಿತು. ಮ್ಯಾಟ್ ಕಿತ್ತೆ. ಅದರಡಿ ಗೋಣಿಚೀಲದ ತುಂಡು, ಅದರಡಿ ಡಾಂಬರು, ಅದರಡಿ ರಿವಿಟ್ ಹೊಡೆದ ತೆಳು ತಗಡು. ಸೀಟಿನ ಬೋಲ್ಟನ್ನು ಆ ತಗಡಿಗೇ ಬಿಗಿದಿದ್ದರು. ಕಾರನ್ನು ಜಾಕ್ ಕೊಟ್ಟು ಎತ್ತಿ ಕೆಳಗಿನಿಂದ ಡಾಂಬರು ಕೆರೆದೆ. ನೀಲಿ ಬಣ್ಣ ಕಂಡಿತು, ಅದರ ಮೇಲೆ ಬಿಳಿ ಅಕ್ಷರ. ತಲೆಕೆಳಗಾಗಿ ಇದ್ದುದರಿಂದ ಓದಲು ಸ್ವಲ್ಪ ಹೊತ್ತು ಹಿಡಿಯಿತು. 'ಟಿಂಕರಿಂಗ್' ಎಂದಿತ್ತು. ನಮ್ಮ ಗ್ಯಾರೇಜಿನ ಹಳೆಯ ಬೋರ್ಡು. ಹೊಸ ಬೋರ್ಡು ಹಾಕಿದ ಮೇಲೆ ಅದು ಶೆಡ್ಡಿನ ಹಿಂದೆ ಬಿದ್ದಿತ್ತು.

ನಾನು ಕಾರಿನ ಅಡಿಯಿಂದ ಎದ್ದು ಬರುವಷ್ಟರಲ್ಲಿ ಲಲಿತಕ್ಕ ಬಗ್ಗಿ ನೋಡುತ್ತಿದ್ದರು. ಅವರೂ ಓದಿದರು, ಶೆಡ್ಡಿನ ಮುಂದಿನ ಹೊಸ ಬೋರ್ಡಿನ ಕಡೆಗೂ ಒಮ್ಮೆ ನೋಡಿದರು. ಎದ್ದು ನಿಂತು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಸೋಮಣ್ಣನ ಮೇಜಿನ ಮುಂದೆ ಹೋದರು.

"ಇದು ನಿಮ್ಮ ಬೋರ್ಡ್ ಅಲ್ವಾ ಅಣ್ಣ?"

ಸೋಮಣ್ಣ ನನ್ನ ಮುಖ ನೋಡಿದ. "ಬ್ರೋಕರ್ ಹೆಂಗೆ ಹೇಳಿದ್ನೋ ಹಂಗೆ ಮಾಡಿದ್ದು ಕಣಮ್ಮ. ಮಾರಕ್ಕೆ ಅಂತ ತಂದಿದ್ದ. ಯಾರು ತಗೊಳ್ತಾರೆ ಅಂತ ನಂಗೇನ್ ಗೊತ್ತು."

"ಯಾರೋ ಒಬ್ರು ತಗೊಳ್ತಾರೆ ಅಂತ ಗೊತ್ತಿತ್ತಲ್ಲ."

ಸೋಮಣ್ಣ, ಒಂದು ಶೀಟು ಹೊಡೆದು ಸಂಜೆಗೆ ಕೊಡಿಸುತ್ತೇನೆ, ನೀವು ಏನೂ ಕೊಡಬೇಡಿ ಎಂದ.

"ಆಯ್ತು. ಸಂಜೆ ಆದ್ಮೇಲೆ ಮುಂದಿನ ಸೀಟಲ್ಲಿ ನೀವು ಕೂತ್ಕಳಿ. ನಾನು ಓಡಿಸ್ತೀನಿ. ಹೊಂಗಡಹಳ್ಳಕ್ಕೆ ಹೋಗಿ ಬರಾಣ."

ಸೋಮಣ್ಣ ತಲೆ ತಗ್ಗಿಸಿದ. ದನಿ ಏರಿಸದೆ ಹೇಳಿದ ಆ ಮಾತಿನಷ್ಟು ಕಠಿಣವಾದ ಮಾತನ್ನು ನಾನು ಆ ಶೆಡ್ಡಿನಲ್ಲಿ ಬೇರೆ ಕೇಳಿಲ್ಲ. ಅವನು ನನ್ನ ಕಡೆ ತಿರುಗಿ, "ಏನ್ ಬೇಕೋ ಮಾಡು. ಖರ್ಚು ನಂದು" ಎಂದು ಹೊರಗೆ ಹೋಗಿಬಿಟ್ಟ.

ಈಗ ತಳ ಹುಡುಕಬೇಕು. ಹೊಸಬರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಅಂಗೈ ಅಗಲದ ತೂತಾದರೆ ಸಾದಾ ತಗಡು ಕತ್ತರಿಸಿ ಬೆಸೆಯಬಹುದು. ಆದರೆ ಕಾರಿನ ತಳ ಮಟ್ಟಸವಾದ ಹಾಳೆಯಲ್ಲ. ಅದರಲ್ಲಿ ಉದ್ದಕ್ಕೂ ಒತ್ತಿದ ಉಬ್ಬುಗಳಿರುತ್ತವೆ, ಬಲ ಬರುವುದು ಅದರಿಂದ. ಸೀಟು ಕೂರುವ ಕಡೆ ಎರಡು ಪದರದ ಗಟ್ಟಿ ಪಟ್ಟಿ ಇರುತ್ತದೆ. ಈ ಕಾರಿನಲ್ಲಿ ಎರಡೂ ಕಡೆ ಅದೆಲ್ಲ ಪುಡಿಯಾಗಿತ್ತು. ಅಷ್ಟಗಲಕ್ಕೆ ಸಾದಾ ಶೀಟು ಹಾಕಿದರೆ ಪಾತ್ರೆಯ ಮುಚ್ಚಳದ ಹಾಗೆ ಅದುರುತ್ತದೆ, ಒಂದು ದಿನ ಬೆಸುಗೆಯ ಪಕ್ಕದಲ್ಲೇ ಹರಿಯುತ್ತದೆ. ಅಚ್ಚಿನಲ್ಲಿ ಒತ್ತಿದ ತಳವೇ ಬೇಕು.

ಮೊದಲು ಹಾಸನಕ್ಕೆ, ಬಿಡಿಭಾಗದ ಕೌಂಟರಿಗೆ ಹೋದೆ. ಅಲ್ಲಿದ್ದವನು ಮರ್ಯಾದೆಯವನೇ. ಕಂಪ್ಯೂಟರ್ ನೋಡಿ, "ಈ ಮಾಡೆಲ್‌ಗೆ ಫ್ಲೋರ್ ಬರಲ್ಲ ಸಾರ್. ಬಂಪರ್, ಲೈಟು, ಸೈಡ್ ಮಿರರ್ ಬೇಕಾದ್ರೆ ತರಿಸಿಕೊಡ್ತೀವಿ" ಎಂದ. ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿರಲಿಲ್ಲ, ಆದರೂ ಮೈ ಉರಿಯಿತು. ಹೊರಗೆ ಹೊಳೆಯುವುದೆಲ್ಲ ಸಿಗುತ್ತದೆ, ಮನುಷ್ಯನನ್ನು ಹೊತ್ತುಕೊಳ್ಳುವ ತಗಡು ಸಿಗುವುದಿಲ್ಲ. ಹೊರಡುವಾಗ ಅವನು ಹೊಸ ಕಾರಿನ ಬಣ್ಣಬಣ್ಣದ ಕಾಗದ ಕೈಗಿಟ್ಟ. ವಾರಕ್ಕೆರಡು ಸಲ ಆಸ್ಪತ್ರೆಗೆ ಬರುವವರಿಗೆ ಹೊಸ ಕಾರು.

ಅಷ್ಟರಲ್ಲಿ ಸೋಮಣ್ಣ ಫೋನಿನಲ್ಲಿ ಹುಡುಕಿ ಎರಡು ಪ್ಯಾನೆಲ್ ತರಿಸಿದ್ದ. ಕಪ್ಪು ಬಣ್ಣ ಹೊಡೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಂದಿದ್ದವು. ಎರಡು ಹೆಬ್ಬೆರಳು ಒತ್ತಿದ್ದಕ್ಕೆ ಬಿಸ್ಕತ್ ಡಬ್ಬದ ಮುಚ್ಚಳದ ಹಾಗೆ ಟಪಕ್ ಎಂದು ಒಳಗೆ ಹೋದವು. ಉಬ್ಬುಗಳು ಹೆಸರಿಗೆ ಮಾತ್ರ. ಸೀಟಿನ ಪಟ್ಟಿಯ ಜಾಗದಲ್ಲಿ ಏನೂ ಇಲ್ಲ. ಕಳಿಸಿದವನಿಗೆ ಫೋನ್ ಮಾಡಿದೆ.

"ಸೀಟಿನ ಬೋಲ್ಟ್ ಎಲ್ಲಿಗೆ ಹಾಕೋದು ಇದ್ರಲ್ಲಿ?"

"ನಾವು ಫ್ಲೋರ್ ಅಂತ ಎಲ್ಲಿ ಹೇಳಿದ್ದೀವಿ ಸಾರ್, ಫ್ಲೋರ್ ಕವರ್ ಅಂತ ಹಾಕಿದ್ದೀವಿ. ತುಕ್ಕು ಮುಚ್ಚಕ್ಕೆ ಅಂತಲೇ ಎಲ್ಲಾ ಗ್ಯಾರೇಜ್‌ನವ್ರೂ ತಗೊಳ್ತಾರೆ."

ಎಲ್ಲಾ ಗ್ಯಾರೇಜಿನವರೂ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಮುಚ್ಚುವುದಕ್ಕೆಂದೇ ಒಂದು ಕಾರ್ಖಾನೆ ನಡೆಯುತ್ತಿದೆ, ಅದಕ್ಕೆ ನಮ್ಮಂಥವರೇ ಗಿರಾಕಿಗಳು.

ಹಾಸನದ ಗುಜರಿಯಲ್ಲಿ ಹಳೆಯ ಗಾಡಿಯಿಂದ ಕತ್ತರಿಸಿಟ್ಟ ತಳ ಸಿಕ್ಕಿತು. ನೋಡಲು ಗಟ್ಟಿ. ಬಣ್ಣ ಕೆರೆದರೆ ಒಳಗೆ ಪುಟ್ಟಿ, ಪುಟ್ಟಿ ಕಿತ್ತರೆ ಜರಡಿ. ಅದೂ ಘಟ್ಟದ ಕಡೆ ಓಡಿದ ಗಾಡಿಯದ್ದೇ. ಮಾರುವವನು ನಾಚದೆ, "ನಿಮ್ಮ ಕಡೆಯವ್ರಿಗೆ ಇಷ್ಟು ಸಾಕಲ್ವಾ" ಎಂದ.

ಇತ್ತ ಲಲಿತಕ್ಕ ಪ್ರತಿ ಸಲ ಯಾರದಾದರೂ ಜೀಪಿಗೆ ಕೇಳಿಕೊಂಡು ಗಂಡನನ್ನು ಕರೆತರುತ್ತಿದ್ದರು. ಕಾಫಿ ಕೊಯ್ಲು ಶುರುವಾಗಿತ್ತು, ಎಲ್ಲರ ಜೀಪೂ ಕೆಲಸದವರನ್ನು ಸಾಗಿಸುವುದರಲ್ಲಿತ್ತು. ಒಂದು ಸಲ ಜೀಪು ಸಿಗದೆ ಡಯಾಲಿಸಿಸ್ ತಪ್ಪಿತು. ಮುಂದಿನ ಸಲ ಅವರು ಬಂದಾಗ ನಾನು ಆಸ್ಪತ್ರೆಗೆ ಹೋಗಿದ್ದೆ. ಪುಟ್ಟಸ್ವಾಮಿಯ ಮುಖ ಊದಿಕೊಂಡು ಕಣ್ಣು ಸಣ್ಣದಾಗಿತ್ತು, ಕೂತಲ್ಲೇ ಏದುಸಿರು ಬಿಡುತ್ತಿದ್ದರು. ನನ್ನನ್ನು ಕಂಡು, "ಸಿಕ್ತಾ ಮೇಸ್ತ್ರಿ?" ಎಂದರು. "ಸಿಗ್ತೈತೆ" ಎಂದೆ.

ಮನೆಗೆ ಬರುವ ದಾರಿಯಲ್ಲಿ ಯೋಚನೆ ಹೊಳೆಯಿತು. ನಾನು ಹುಡುಕುತ್ತಿದ್ದದ್ದೆಲ್ಲ ಮಳೆ ಬೀಳುವ ಕಡೆ. ಬಯಲುಸೀಮೆಯ ಗಾಡಿಗೆ ಬಿಸಿಲಿಗೆ ಮೇಲಿನ ಬಣ್ಣ ಹೋಗುತ್ತದೆ, ಸೀಟು ಬಿರಿಯುತ್ತದೆ, ಆದರೆ ತಳ ಹಾಗೇ ಇರುತ್ತದೆ. ಅರಸೀಕೆರೆಯಲ್ಲಿ ಗುಜರಿ ಇಟ್ಟುಕೊಂಡಿದ್ದ ಖಲೀಲ್ ಸಾಬರ ಪರಿಚಯವಿತ್ತು. ಫೋನ್ ಮಾಡಿದೆ.

"ಅದೇ ಮಾಡೆಲ್ ಒಂದೈತೆ ಕಣಣ್ಣ. ಮರಕ್ಕೆ ಹೊಡ್ದು ಮೂತಿ ಹೋಗ್ಬುಟ್ಟೈತೆ. ತಳ ನೀನೇ ಬಂದು ನೋಡು, ನಾನು ಹೇಳಿದ್ರೆ ನಂಬಬೇಡ" ಎಂದರು. ಅಷ್ಟು ದಿನದಲ್ಲಿ ನಂಬಬೇಡ ಎಂದವರು ಅವರೊಬ್ಬರೇ. ಅದಕ್ಕೇ ನಂಬಿಕೆ ಬಂತು.

ಲಲಿತಕ್ಕ ತಾವೂ ಬರುತ್ತೇನೆ ಎಂದರು. "ಹೋದ್ಸಲ ಮೇಲೆ ನೋಡಿ ತಗೊಂಡೆ. ಈ ಸಲ ನಾನೇ ಕೆಳಗೆ ನೋಡ್ತೀನಿ." ಗಂಡನ ಹತ್ತಿರ ನಾದಿನಿಯನ್ನು ಬಿಟ್ಟು ರೈಲಿಗೆ ಬಂದರು. ಅರಸೀಕೆರೆಯ ಬಿಸಿಲಿನಲ್ಲಿ ಆ ಕಾರು ನಿಂತಿತ್ತು. ಮುಂಭಾಗ ಚಪ್ಪಟೆ, ಬಣ್ಣ ಸುಣ್ಣದಂತೆ ಬಿಳಿಚಿ ಹೋಗಿತ್ತು. ಮ್ಯಾಟ್ ಎತ್ತಿದೆವು. ಒಣ ಕೆಂಪು ಧೂಳು, ಕಡಲೆಕಾಯಿ ಸಿಪ್ಪೆ, ಹುಣಸೆ ಬೀಜ. ಗುಡಿಸಿದಾಗ ಕಂಪನಿಯಿಂದ ಬಂದಾಗಿನ ಬಣ್ಣ ಹಾಗೇ ಇತ್ತು. ಸ್ಕ್ರೂಡ್ರೈವರ್ ಒತ್ತಿದೆ, ಜಾರಿತು. ಸುತ್ತಿಗೆಯನ್ನು ಲಲಿತಕ್ಕನ ಕೈಗೆ ಕೊಟ್ಟೆ. ಅವರು ಸೀಟಿನ ಪಟ್ಟಿಯ ಮೇಲೆ, ಅಂಚಿನಲ್ಲಿ, ಮೂಲೆಯಲ್ಲಿ, ಬಿಡದೆ ಎಲ್ಲ ಕಡೆ ತಟ್ಟಿದರು. ಎಲ್ಲ ಕಡೆ ಠಣ್ ಎಂದಿತು. ಆಮೇಲೆ ಅಲ್ಲೇ ಒಂದು ಟೈರಿನ ಮೇಲೆ ಕೂತು ಅತ್ತರು. ಖಲೀಲ್ ಸಾಬರು ಟೀ ತರಿಸಿದರು.

ತಳ ಕತ್ತರಿಸುವಾಗ ಆತುರ ಪಡಬೇಡಿ. ಅಂಚಿಗೆ ಸರಿಯಾಗಿ ಕತ್ತರಿಸಿದರೆ ಕೂಡಿಸುವಾಗ ಬೆರಳಗಲ ಕಡಿಮೆ ಬೀಳುತ್ತದೆ. ನಾನು ಸುತ್ತಲೂ ಧಾರಾಳವಾಗಿ ಬಿಟ್ಟು, ಕಂಪನಿಯ ಬೆಸುಗೆಯ ಚುಕ್ಕಿಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಿದೆ. ಸೀಟಿನ ಪಟ್ಟಿಯ ಸಮೇತ ಎರಡೂ ಕಡೆಯ ತಳ ಎದ್ದು ಬಂತು. ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಸಕಲೇಶಪುರಕ್ಕೆ ತಂದೆ.

ಸೋಮಣ್ಣ ಕೆಲಸವನ್ನು ಶೆಡ್ಡಿನ ಹಿಂದೆ ಮಾಡು ಎಂದ. ನಾನು ಕಾರನ್ನು ರಸ್ತೆಗೆ ಕಾಣುವಂತೆ ಮುಂದೆಯೇ ನಿಲ್ಲಿಸಿದೆ. ಒಳಗಿನ ಸೀಟು, ವೈರು, ಪೆಟ್ರೋಲ್ ಪೈಪು ಎಲ್ಲ ಬಿಚ್ಚಿ ಪಕ್ಕಕ್ಕಿಟ್ಟು, ಬಾಗಿಲ ಚೌಕಟ್ಟು ಕುಸಿಯದಂತೆ ಅಡ್ಡ ಕಂಬಿ ಕೊಟ್ಟು, ಕೊಳೆತದ್ದನ್ನು ಕತ್ತರಿಸಿದೆ. ನೀಲಿ ಬೋರ್ಡನ್ನೂ ಕಿತ್ತೆ. ಹೋಗಿಬರುವವರು ನಿಂತು ನೋಡಿದರು. ಕೆಲವರು ತಮ್ಮ ಗಾಡಿಯ ಮ್ಯಾಟ್ ಎತ್ತಿ ನೋಡಿಕೊಂಡು ಮುಖ ಸಣ್ಣಗೆ ಮಾಡಿಕೊಂಡು ಹೋದದ್ದೂ ಉಂಟು. ಸೋಮಣ್ಣ ಒಳಗಿನಿಂದಲೇ ನೋಡುತ್ತಿದ್ದ. ಒಂದು ಮಧ್ಯಾಹ್ನ ಎದ್ದು ಬಂದು, ನಾನು ಬೆಸೆಯುತ್ತಿದ್ದ ತಗಡಿನ ಇನ್ನೊಂದು ತುದಿಯನ್ನು ಹಿಡಿದುಕೊಂಡು ನಿಂತ. ಕೈ ಇನ್ನೂ ಹದವಾಗಿಯೇ ಇತ್ತು. ಅದನ್ನು ಕಂಡು ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಕೆಲಸವೇ ಬಾರದವನು ಮಾಡಿದ ಕೆಟ್ಟದ್ದಕ್ಕೆ ಕ್ಷಮೆ ಇದೆ. ಇವನಿಗೆ ಎಲ್ಲ ಬರುತ್ತಿತ್ತು.

ಕೆಲಸ ಮುಗಿದ ದಿನ ಪುಟ್ಟಸ್ವಾಮಿ ಕೋಲೂರಿಕೊಂಡು ಬಂದರು. ನಾನು ಹೊಸ ಮ್ಯಾಟ್ ಹಾಸಲು ಹೋದೆ. ಲಲಿತಕ್ಕ ತಡೆದರು. "ಬೇಡಿ ಮೇಸ್ತ್ರಿ. ಹಂಗೇ ಕಾಣ್ತಿರ್ಲಿ." ಪುಟ್ಟಸ್ವಾಮಿ ಸೀಟಿನಲ್ಲಿ ಕೂತು, ಪಟ್ಟಿ ಕಟ್ಟಿದ ಕಾಲನ್ನು ಮೊದಲು ಮೆಲ್ಲಗೆ ಇಟ್ಟರು. ಆಮೇಲೆ ಊರಿದರು. ನನ್ನ ಕಡೆ ನೋಡಿ ತಲೆಯಾಡಿಸಿದರು.

ಅವರು ಹೋದ ಮೇಲೆ ಸೋಮಣ್ಣ, "ಬ್ರೋಕರ್‌ಗಳು ಯಾರೂ ಈ ಕಡೆ ತಲೆ ಹಾಕ್ತಿಲ್ಲ. ನಿನ್ನಿಂದ ವ್ಯಾಪಾರ ಹೋಯ್ತು" ಎಂದ. ನಾಳೆಯಿಂದ ಬರಬೇಡ ಎಂದೂ ಹೇಳಿದ. ನಾನೂ ಉಳಿಯುವ ಮನಸ್ಸಿನಲ್ಲಿರಲಿಲ್ಲ. ಬೇರೆಯವರಿಗೆ ನಿವೃತ್ತಿ ದಿನ ಹಾರ ಹಾಕುತ್ತಾರೆ, ಪೇಟ ತೊಡಿಸುತ್ತಾರೆ. ನನ್ನ ನಿವೃತ್ತಿ ಹೀಗಾಯಿತು.

ಪುಟ್ಟಸ್ವಾಮಿ ಆಮೇಲೆ ಒಂದೆರಡು ಮಳೆಗಾಲ ಇದ್ದರು. ಅವರನ್ನು ಕರೆದುಕೊಂಡು ಹೋದದ್ದು ಅವರ ಕಾಯಿಲೆ, ನಮ್ಮ ತಗಡಲ್ಲ. ಇಷ್ಟು ಹೇಳಿಕೊಳ್ಳುವಂತಾಯಿತಲ್ಲ ಎಂಬುದು ಒಂದು ಸಮಾಧಾನ. ಲಲಿತಕ್ಕ ಕಾರನ್ನು ಮಾರಲಿಲ್ಲ. ಡಯಾಲಿಸಿಸ್‌ಗೆ ಬರುವ ಬೇರೆಯವರು ಬಸ್ಸಿಗೆ ಕಾಯುವುದನ್ನು ಅಷ್ಟು ದಿನ ನೋಡಿದ್ದವರು, ಈಗ ಅವರನ್ನು ಕರೆತರುತ್ತಾರೆ. ಯಸಳೂರು ಕಡೆಯ ಹೆಂಗಸೊಬ್ಬಳು ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಮಳೆಗಾಲ ಮುಗಿದ ಮೇಲೆ ನಾನು ಆಸ್ಪತ್ರೆಯ ಅಂಗಳಕ್ಕೇ ಹೋಗಿ ಆ ಕಾರಿನ ತಳ ನೋಡಿ ಬರುತ್ತೇನೆ.

ಈ ಸಲವೂ ಹೋದೆ. ಗೋಣಿಚೀಲ ಹಾಸಿಕೊಂಡು ಅಡಿಗೆ ನುಸುಳಿ ನೋಡಿದೆ. ಗಟ್ಟಿಯಾಗಿತ್ತು. ಎದ್ದು ಬಂದಾಗ ಲಲಿತಕ್ಕ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಹಳೆಯ ಕಾರು, ಜೀಪುಗಳನ್ನು ನೋಡುತ್ತ, "ಇವುಗಳ ತಳ ಯಾರು ನೋಡ್ತಾರೆ ಮೇಸ್ತ್ರಿ?" ಎಂದು ಕೇಳಿದರು.

ಪಕ್ಕದಲ್ಲೇ ಒಂದು ಹಳೆಯ ವ್ಯಾನ್ ನಿಂತಿತ್ತು, ಹಿಂದಿನ ಸೀಟಿನಲ್ಲಿ ಮಕ್ಕಳ ಚಪ್ಪಲಿಗಳು ಬಿದ್ದಿದ್ದವು. ಮೊಣಕಾಲೂರಿ ಬಗ್ಗಿ ಅದರ ಅಡಿಗೆ ಕೈ ಹಾಕಿದೆ. ಕರ‍್ರಗೆ ಹೊಸ ಡಾಂಬರು. ಹೆಬ್ಬೆರಳು ಒತ್ತಿದೆ, ತಗಡೇ ಸಿಗದೆ ಮೆಲ್ಲಗೆ ಒಳಗೆ ಹೋಯಿತು.

ಎದ್ದು ನಿಂತು, ಆಸ್ಪತ್ರೆಯ ಒಳಗಿನವರಿಗೂ ಕೇಳುವ ಹಾಗೆ, "ಈ ಗಾಡಿ ಯಾರದು?" ಎಂದು ಕೂಗಿದೆ.